ಸುಧಾರಣೆಯಾದ ಮೇಲೆ ಏಳದ ಕಂಪ್ಯೂಟರಿನ ಬಗ್ಗೆ, ಅದನ್ನು ಸುಧಾರಿಸಿದವರಿಗೆ

ನೀಲಾಂಬಿಕಾ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್,
ಕೌಲ್ ಬಜಾರ್, ಬಳ್ಳಾರಿ.
12 ಡಿಸೆಂಬರ್ 1988

ಸುಧಾರಣಾ ವಿಭಾಗದ ಮುಖ್ಯಸ್ಥರಿಗೆ,
ಸುಗಣಕ ಡೇಟಾ ಸಿಸ್ಟಮ್ಸ್, ಬೆಂಗಳೂರು.

ವಿಷಯ: ತಾವು ದಯಪಾಲಿಸಿದ ಆಪರೇಟಿಂಗ್ ಸಿಸ್ಟಂನ ಸುಧಾರಿತ ಆವೃತ್ತಿಯಿಂದ ನಮ್ಮ ಕಂಪ್ಯೂಟರಿಗೆ ದೊರೆತ ಸಂಪೂರ್ಣ ವಿಶ್ರಾಂತಿ.

ಉಲ್ಲೇಖ: ನನ್ನ ಮೂರು ರಿಜಿಸ್ಟರ್ಡ್ ಪತ್ರಗಳು ಮತ್ತು ತಮ್ಮ ಒಂದು ಕಾರ್ಡು.

ಮಾನ್ಯರೇ,

ತಾವೂ ತಮ್ಮ ವಿಭಾಗದ ಸಮಸ್ತರೂ ಕ್ಷೇಮವಾಗಿದ್ದು, ಪ್ರತಿದಿನ ಬೆಳಿಗ್ಗೆ ಬೇರೆ ಯಾರ ಸಹಾಯವೂ ಇಲ್ಲದೆ ತಾವಾಗಿಯೇ ಎದ್ದು ಕೆಲಸ ಆರಂಭಿಸುತ್ತಿದ್ದೀರೆಂದು ನಂಬಿ, ಆ ಭಾಗ್ಯ ತಮಗೆ ಬಹುಕಾಲ ಇರಲೆಂದು ಹಾರೈಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಇದನ್ನು ಪತ್ರಿಕೆಗೂ ಕಳುಹಿಸಿದ್ದಕ್ಕೆ ಕ್ಷಮೆ ಇರಲಿ. ನನ್ನ ಮೊದಲಿನ ಮೂರು ಪತ್ರಗಳಿಗೆ ಉತ್ತರವಾಗಿ ಬಂದ ತಮ್ಮ ಕಾರ್ಡಿನಲ್ಲಿ, ದೂರುಗಳನ್ನು ದಾಖಲಿಸುವ ತಮ್ಮ ಕಂಪ್ಯೂಟರ್ ಇತ್ತೀಚಿನ ಸುಧಾರಣೆಯ ನಂತರ ಚಾಲೂ ಆಗುತ್ತಿಲ್ಲವಾದ್ದರಿಂದ ನನ್ನ ದೂರು ಸದ್ಯಕ್ಕೆ ಬಂದಿಲ್ಲವೆಂದೇ ಭಾವಿಸಬೇಕೆಂದು ಅತ್ಯಂತ ವಿನಯದಿಂದ ತಿಳಿಸಲಾಗಿತ್ತು. ತಮ್ಮ ಕಂಪನಿಯು ತನಗೆ ಮಾಡಿಕೊಂಡದ್ದನ್ನೇ ನಮಗೂ ಮಾಡಿದೆ ಎಂಬುದನ್ನು ತಿಳಿದು, ಈ ಸಮಭಾವಕ್ಕೆ ಕೈಮುಗಿದೆ.

ನನ್ನ ಪರಿಚಯ ಹೇಳಿಕೊಳ್ಳುವುದು ಧರ್ಮ. ನಾನು ಅಕ್ಕನಾಗಮ್ಮ. ಇಪ್ಪತ್ತೆರಡು ವರ್ಷಗಳಿಂದ ಕೌಲ್ ಬಜಾರಿನಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್ ಕಲಿಸುತ್ತಿದ್ದೇನೆ. ಒಂದು ಕಡೆ ಕಮ್ಮಾರನ ಸುತ್ತಿಗೆ, ಇನ್ನೊಂದು ಕಡೆ ಆಟೋ ರಿಪೇರಿ, ನಡುವೆ ನಮ್ಮ ಒಂಬತ್ತು ಟೈಪ್‌ರೈಟರುಗಳು. ನಮ್ಮ ಓಣಿಯಲ್ಲಿ ಸುಮ್ಮನಿರುವ ವಸ್ತುವೆಂದರೆ ಈಗ ತಮ್ಮ ಕಂಪ್ಯೂಟರ್ ಒಂದೇ. ಕಳೆದ ವರ್ಷ ಎರಡು ಟೈಪ್‌ರೈಟರುಗಳನ್ನು ಬಿಟ್ಟುಕೊಟ್ಟು ಅದನ್ನು ತಂದಾಗ, ಬರುವ ಕಾಲದಲ್ಲಿ ಹುಡುಗಿಯರಿಗೆ ಇದೇ ಅನ್ನ ಕೊಡುತ್ತದೆಂದು ತಮ್ಮ ಮಾರಾಟ ವಿಭಾಗದವರು ಹೇಳಿದ್ದರು. ಸುಳ್ಳು ಹೇಳಿರಲಿಲ್ಲ. ಹನ್ನೊಂದು ತಿಂಗಳು ಅದು ಗುಂಡಿ ಒತ್ತಿದ ಕೂಡಲೇ ಎದ್ದಿತು, ಹೇಳಿದ ಕೆಲಸ ಮಾಡಿತು, ಸಂಜೆ ಮಲಗಿತು. ಅದರಲ್ಲಿ ಒಂದೇ ಒಂದು ದೋಷವೂ ಇರಲಿಲ್ಲ. ಅದನ್ನು ಸುಧಾರಿಸಲೇಬೇಕೆಂದು ತಮಗೆ ಅನ್ನಿಸಿದ್ದು ಆ ಕಾರಣಕ್ಕೇ ಇರಬೇಕು.

ಅದರ ಮುಂದೆ ಅತಿ ಹೆಚ್ಚು ಹೊತ್ತು ಕುಳಿತವಳು ಬಾದನಹಟ್ಟಿಯ ಉಚ್ಚೆಂಗೆಮ್ಮ. ಹತ್ತೊಂಬತ್ತು ವರ್ಷ, ಹತ್ತಿರದ ಕುರುಗೋಡಿಗೆ ಬಂದು ಬೆಳಗಿನ ಮೊದಲ ಬಸ್ಸು ಹತ್ತುವ ಹುಡುಗಿ. ಸೇರಿದ ದಿನ ಅವಳ ಬೆರಳ ತುದಿಗಳು ಮೆಣಸಿನಕಾಯಿ ಬಿಡಿಸಿ ಉರಿಯುತ್ತಿದ್ದವು, ಕೀಲಿಯ ಮೇಲೆ ಇಡಲಾಗದೆ ಬಾಯಿಂದ ಗಾಳಿ ಊದಿಕೊಳ್ಳುತ್ತಿದ್ದಳು. ಜೊತೆಗೆ ಬಂದಿದ್ದ ಅವಳ ತಂದೆ ಜಡೆಪ್ಪ ಬಾಗಿಲ ಹೊರಗೇ ನಿಂತು ನನಗೆ ಹೇಳಿದ ಮಾತು ಇಷ್ಟು: “ಒಂದು ವರ್ಷ ಕೊಟ್ಟೀನ್ರಿ ಅಕ್ಕೋರ. ಅಷ್ಟ್ರಾಗ ನೌಕರಿ ಆದ್ರ ಆತು. ಇಲ್ಲಾಂದ್ರ ಬರೋ ಮೆಣಸಿನಕಾಯಿ ಸುಗ್ಗಿಗೆ ಅಕಿ ನಮ್ಮ ಕೂಡ ಹೊಲಕ್ಕ ಬರಬೇಕ್ರಿ. ಆಮ್ಯಾಗ ಮತ್ತ ಕಳಸಾಕ ಆಗಂಗಿಲ್ಲ.” ಅದು ಬೆದರಿಕೆಯಾಗಿರಲಿಲ್ಲ, ಮನೆಯ ಸ್ಥಿತಿ ಹಾಗಿತ್ತು. ಆ ಒಂದು ವರ್ಷ ನವೆಂಬರ್ ತಿಂಗಳಿಗೆ ಮುಗಿಯುವುದಿತ್ತು.

ನವೆಂಬರಿನಲ್ಲಿಯೇ ದಾರಿಯೂ ಕಂಡಿತು. ಸಿರುಗುಪ್ಪದ ಅಕ್ಕಿ ಗಿರಣಿಗಳವರ ಸಂಘವೊಂದು ತಮ್ಮದೇ ಕಂಪನಿಯ ಕಂಪ್ಯೂಟರನ್ನು ತರಿಸಿಕೊಂಡು, ಅದನ್ನು ಮುಟ್ಟಲು ಧೈರ್ಯವಿರುವವರಿಲ್ಲದೆ ಕೆಂಪು ವಸ್ತ್ರ ಹೊದಿಸಿ ಇಟ್ಟಿತ್ತು. ಒಬ್ಬ ಟೈಪಿಸ್ಟ್ ಬೇಕೆಂದು ಅದರ ಕಾರ್ಯದರ್ಶಿ ಮರಿಬಸಪ್ಪನವರು ಬರೆದರು. ನಮ್ಮ ಮೂವರು ಹುಡುಗಿಯರಿಗೆ ನಮ್ಮಲ್ಲೇ, ನಮ್ಮ ಕಂಪ್ಯೂಟರಿನ ಮೇಲೆಯೇ ಪರೀಕ್ಷೆ ಮಾಡುವುದೆಂದೂ, ಅದಕ್ಕಾಗಿ 21ನೇ ತಾರೀಕು ಸೋಮವಾರ ಬೆಳಿಗ್ಗೆ ಸ್ವತಃ ಬರುವುದಾಗಿಯೂ ತಿಳಿಸಿದರು.

18ನೇ ತಾರೀಕು ಶುಕ್ರವಾರ ತಮ್ಮ ಲಕೋಟೆ ಬಂದಿತು.

ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ತುಂಬಿದ ಮೂರು ಫ್ಲಾಪಿ ತಟ್ಟೆಗಳು, ಜೊತೆಗೆ ಒಂದು ಪತ್ರ. ಸುಧಾರಣೆ ಕಡ್ಡಾಯ, ಭಾನುವಾರದೊಳಗೆ ಜಿಲ್ಲೆಯ ಎಲ್ಲ ಯಂತ್ರಗಳಿಗೂ ಆಗತಕ್ಕದ್ದು, ಹಳೆಯ ಫ್ಲಾಪಿಗಳನ್ನು ಅದೇ ದಿನ ರಿಜಿಸ್ಟರ್ ಅಂಚೆಯಲ್ಲಿ ಹಿಂದಿರುಗಿಸತಕ್ಕದ್ದು, ಯಾವುದೇ ಕಾರಣಕ್ಕೂ ನಕಲು ಮಾಡತಕ್ಕದ್ದಲ್ಲ. ಲಕೋಟೆಯ ಹಿಂದೆಯೇ ತಮ್ಮ ಸೇವಾ ಪ್ರತಿನಿಧಿ ಹಾಲಸಿದ್ದಪ್ಪನವರು ಬಂದರು. ಇವರು ನಮ್ಮ ಓಣಿಯವರೇ, ಪಂಪ್‌ಸೆಟ್ಟಿನ ಮೋಟಾರು ರಿಪೇರಿಯಲ್ಲಿ ಹೆಸರು ಮಾಡಿದವರು, ಸಜ್ಜನರು. ತಾವು ಅವರನ್ನು ಬೆಂಗಳೂರಿಗೆ ಕರೆಸಿ ಮೂರು ದಿನ ತರಬೇತಿ ಕೊಟ್ಟಿರಿ. ಅದರಲ್ಲಿ ಒಂದು ದಿನ ಗ್ರೂಪ್ ಫೋಟೋಕ್ಕೆ ಹೋಯಿತೆಂದು ಅವರೇ ಹೇಳಿದ್ದಾರೆ. ಹೊಸ ಫ್ಲಾಪಿ ಒಳಗೆ ಹೋದ ಮೇಲೆ ಪರದೆಯು ಹಾರ್ಡ್ ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸಲೇ ಎಂದು ಅವರನ್ನು ಕೇಳಿತು. ಕೇಳಿದವರಿಗೆ ಇಲ್ಲವೆನ್ನುವ ಸ್ವಭಾವ ಅವರದಲ್ಲ, ಹೌದು ಎಂದರು. ನಾನು ಹನ್ನೊಂದು ತಿಂಗಳು ಕೂತು ರಚಿಸಿದ್ದ ಅರವತ್ತೆರಡು ಅಭ್ಯಾಸ ಪಾಠಗಳು ಆ ಒಂದು ‘ಹೌದು’ಗೆ ಹೋದವು. ನಂತರ ಅವರು ಹಳೆಯ ಫ್ಲಾಪಿಗಳನ್ನು ಕಟ್ಟಿ, ಅಂಚೆ ಕಚೇರಿ ಮುಚ್ಚುವ ಮೊದಲೇ ತಲುಪಿಸಿ, ರಸೀದಿಯೊಂದಿಗೆ ಹಿಂದಿರುಗಿ ಬಂದು ಯಂತ್ರವನ್ನು ಚಾಲೂ ಮಾಡಿದರು.

ಅದು ಚಾಲೂ ಆಗಲಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ನಿಂತಿತ್ತು: ಇಲ್ಲಿ ವ್ಯವಸ್ಥೆಯಿಲ್ಲ, ಡಿಸ್ಕ್ ಬದಲಿಸಿ, ಯಾವುದಾದರೂ ಕೀಲಿ ಒತ್ತಿ. ತಮ್ಮ ಹೊಸ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ನೋಡಿದರೂ ಅದೇ ವಾಕ್ಯ. ಮಾನ್ಯರೇ, ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಯಾರೂ ‘ಯಾವುದಾದರೂ ಕೀಲಿ’ಯನ್ನು ಒತ್ತಿದ್ದಿಲ್ಲ. ಪ್ರತಿ ಕೀಲಿಗೂ ಒಂದು ಬೆರಳಿದೆ, ಪ್ರತಿ ಬೆರಳಿಗೂ ಒಂದು ಮನೆಯಿದೆ, ಇದೇ ನನ್ನ ಮೊದಲ ಪಾಠ. ಆದರೂ ತಮ್ಮ ಆಜ್ಞೆಗೆ ಮರ್ಯಾದೆ ಕೊಟ್ಟು, ಬಾಗಿಲು ಹಾಕಿಕೊಂಡು, ಎಡಗೈ ಕಿರುಬೆರಳಿನಿಂದ ಆರಂಭಿಸಿ ಒಂದನ್ನೂ ಬಿಡದೆ ಎಲ್ಲ ಕೀಲಿಗಳನ್ನೂ ಒತ್ತಿದೆ. ಯಂತ್ರ ಪ್ರತಿ ಸಲವೂ ಅದೇ ವಾಕ್ಯವನ್ನು ಹೇಳಿತು. ಅದರ ಸಹನೆ ದೊಡ್ಡದು.

ಶನಿವಾರ ಟೆಲಿಫೋನ್ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆ ಕುಳಿತು ತಮ್ಮ ವಿಭಾಗದ ಒಬ್ಬ ಮಹನೀಯರೊಡನೆ ಮಾತನಾಡುವ ಭಾಗ್ಯ ಪಡೆದೆ. ಅವರ ಧ್ವನಿ ಬಹಳ ಸಮಾಧಾನದ್ದು.

“ಮೇಡಂ, ಈ ತೊಂದರೆಗೆ ಪರಿಹಾರ ಏನು ಅಂತ ಒಂದು ಫೈಲಲ್ಲಿ ಬರೆದು ಕೊಟ್ಟಿದೀವಿ. ಓದ್ಲಿಲ್ವಾ?”

ಫೈಲು ಎಲ್ಲಿದೆ ಎಂದು ಕೇಳಿದೆ.

“ಕಂಪ್ಯೂಟರ್ ಒಳಗೇ ಇದೆ ಮೇಡಂ. ಆನ್ ಮಾಡಿ ನೋಡಿ.”

ಅದು ಚಾಲೂ ಆಗುವುದಿಲ್ಲವೆಂಬುದೇ ತೊಂದರೆ ಎಂದು ವಿನಂತಿಸಿಕೊಂಡೆ.

“ಚಾಲೂ ಆಗ್ದಿದ್ರೆ ಏನು ಮಾಡ್ಬೇಕು ಅಂತಾನೂ ಅದರಲ್ಲೇ ಇದೆ ಮೇಡಂ,” ಎಂದರು ಅವರು. ಹಳೆಯ ಫ್ಲಾಪಿಗಳನ್ನಾದರೂ ಹಿಂದಿರುಗಿಸಬಹುದೇ ಎಂದು ಕೇಳಿದಾಗ, ಅವು ತಲುಪಿದ ಕೂಡಲೇ ನಾಶಮಾಡುವ ವ್ಯವಸ್ಥೆ ಇದೆಯೆಂದೂ ಆ ಬಗ್ಗೆ ನಾನು ಚಿಂತಿಸಬೇಕಾಗಿಲ್ಲವೆಂದೂ ಭರವಸೆ ಕೊಟ್ಟರು. ಅಷ್ಟಕ್ಕೆ ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದವು.

ಇನ್‌ಸ್ಟಿಟ್ಯೂಟಿಗೆ ಹಿಂದಿರುಗಿದಾಗ ಉಚ್ಚೆಂಗೆಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು. ಅವಳಿಗೆ ಎಲ್ಲವನ್ನೂ ಹೇಳುವಾಗ ನನ್ನ ಮನಸ್ಸಿಗೆ ಚುಚ್ಚುತ್ತಿದ್ದ ಒಂದು ಸಂಗತಿಯನ್ನು ಮಾತ್ರ ಹೇಳಲಾಗಲಿಲ್ಲ. ಅದು ಅವಳಿಗೆ ಗೊತ್ತೇ ಇತ್ತು. ಶ್ರಾವಣದಲ್ಲಿ ಒಮ್ಮೆ ಅವಳು, ಈ ಫ್ಲಾಪಿಗಳ ನಕಲು ಒಂದು ಮಾಡಿಟ್ಟುಕೊಳ್ಳೋಣವೇ ಎಂದು ಕೇಳಿದ್ದಳು. ಮಾಡಬಾರದೆಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ, ಓದಲು ಬರುವುದಿಲ್ಲವೇ ಎಂದು ಎಲ್ಲರ ಎದುರು ಗದರಿದ್ದೆ. ಈಗ ಅವಳು ಅದನ್ನು ನೆನಪಿಸಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಅಕ್ಕೋರ, ಸಿರುಗುಪ್ಪದಾಗೂ ಇದ ಮೆಷಿನ್ ಐತಲ್ರಿ,” ಎಂದಳು. “ಅದನ್ನ ಯಾರೂ ಮುಟ್ಟಿಲ್ಲಂತ. ಹಳೇದು ಹಂಗ ಇರತೈತಿ. ಹಾಲಸಿದ್ದಪ್ಪಣ್ಣ ಹೋಗೋಕಿಂತ ಮೊದಲು ನಾವು ಹೋಗೋಣ್ರಿ.”

ಪರೀಕ್ಷೆಯ ಹಿಂದಿನ ದಿನ ಪರೀಕ್ಷಕರ ಬಳಿಗೆ ವಿದ್ಯಾರ್ಥಿನಿಯನ್ನು ಕರೆದುಕೊಂಡು ಹೋಗುವುದು ಸರಿಯಲ್ಲವೆಂದು ನನಗೆ ಗೊತ್ತಿತ್ತು. ಹೋದೆ. ಭಾನುವಾರ ಬೆಳಿಗ್ಗೆ ನಾನಿದ್ದ ಬಸ್ಸನ್ನೇ ಅವಳು ಕುರುಗೋಡಿನಲ್ಲಿ ಹತ್ತಿದಳು, ಕೈಯಲ್ಲಿ ಇನ್‌ಸ್ಟಿಟ್ಯೂಟಿನ ಖಾಲಿ ಫ್ಲಾಪಿಗಳ ಡಬ್ಬಿ. ಕೊಯ್ಲಿನ ಕಾಲವಾದ್ದರಿಂದ ದಾರಿಯುದ್ದಕ್ಕೂ ಭತ್ತದ ಲಾರಿಗಳು. ಅವುಗಳ ಹಿಂದೆ ಧೂಳು ಕುಡಿಯುತ್ತ ಸಿರುಗುಪ್ಪ ಸೇರುವ ಹೊತ್ತಿಗೆ ಹನ್ನೊಂದಾಗಿತ್ತು. ಸುಗ್ಗಿಯ ದಿನಗಳಲ್ಲಿ ಸಂಘಕ್ಕೆ ಭಾನುವಾರವಿಲ್ಲ. ಒಳಗೆ ಹೋದರೆ ಕೆಂಪು ವಸ್ತ್ರ ಮಡಚಿ ಪಕ್ಕಕ್ಕಿಟ್ಟಿತ್ತು, ಮರಿಬಸಪ್ಪನವರು ತಮ್ಮ ಕಂಪನಿಯಿಂದ ಬಂದ ಪತ್ರವನ್ನು ಕೈಯಲ್ಲಿ ಹಿಡಿದು ನಿಂತಿದ್ದರು, ಹಾಲಸಿದ್ದಪ್ಪನವರು ಮೊದಲ ಹೊಸ ಫ್ಲಾಪಿಯನ್ನು ಅದರ ಕವರಿನಿಂದ ಹೊರತೆಗೆಯುತ್ತಿದ್ದರು.

ಆ ಕೋಣೆಗೆ ಚಪ್ಪಲಿ ಬಿಟ್ಟು ಬರಬೇಕೆಂದು ಬಾಗಿಲಲ್ಲಿ ಬರೆದಿತ್ತು. ಉಚ್ಚೆಂಗೆಮ್ಮ ಚಪ್ಪಲಿ ಸಮೇತ ನಡೆದುಹೋಗಿ ಫ್ಲಾಪಿ ತೂರಿಸುವ ಬಾಯಿಯ ಮೇಲೆ ಅಂಗೈ ಇಟ್ಟುಬಿಟ್ಟಳು.

“ಬ್ಯಾಡ್ರಿ ಅಣ್ಣಾ. ಇದನ್ನೂ ಮಲಗಿಸಬ್ಯಾಡ್ರಿ.”

“ಏ ತಂಗಿ, ಕೈ ತಗಿ. ಕಂಪನಿ ಆರ್ಡರ್ ಐತಿ,” ಎಂದರು ಹಾಲಸಿದ್ದಪ್ಪನವರು. “ಬಳ್ಳಾರ್ಯಾಗ ಕರೆಂಟ್ ಸರಿ ಇದ್ದಿಲ್ಲ, ಅದಕ್ಕ ಹಂಗಾತು. ಇಲ್ಲಿ ಚಲೋ ಐತಿ.”

“ಯಾರವ್ವ ನೀನು?” ಎಂದು ಮರಿಬಸಪ್ಪನವರು ಕೇಳಿದರು.

“ನಾಳೆ ನೀವು ಪರೀಕ್ಷೆ ಮಾಡೋ ಹುಡುಗೀರಿ, ಬಾದನಹಟ್ಟಿ ಜಡೆಪ್ಪನ ಮಗಳು,” ಎಂದಳು. ಕೈ ತೆಗೆಯಲಿಲ್ಲ.

ನಾನು ನಡೆದದ್ದನ್ನೆಲ್ಲ ಹೇಳಿದೆ. ಮರಿಬಸಪ್ಪನವರು ಕನ್ನಡಕ ಸರಿಪಡಿಸಿಕೊಂಡು ಕಂಪನಿಯ ಪತ್ರವನ್ನು ಮತ್ತೊಮ್ಮೆ ಪೂರ್ತಿ ಓದಿದರು. ಬಂದ ಪ್ರತಿ ಕಾಗದವನ್ನೂ ಫೈಲಿಗೆ ಹಾಕಿ ಅದರಂತೆ ನಡೆಯುವ ಮನುಷ್ಯ. “ಕಾಗದದಾಗ ಬರದಂಗ ಮಾಡಬೇಕಲ್ರಿ ಅಕ್ಕೋರ,” ಎಂದರು. “ಮಾಡಲಿಲ್ಲಾಂದ್ರ ನಾಳೆ ಮೆಷಿನ್ ಕೆಟ್ರ ಕೇಳೋರು ಯಾರು?” ಇಪ್ಪತ್ತೆರಡು ವರ್ಷ ನಾನೂ ಇದನ್ನೇ ಕಲಿಸಿದವಳು.

ಉತ್ತರ ಕೊಟ್ಟವಳು ಉಚ್ಚೆಂಗೆಮ್ಮ. “ಮಾಡಸ್ರಿ ಸೌಕಾರ್ರ, ನಾ ಬ್ಯಾಡ ಅನ್ನಂಗಿಲ್ಲ. ಮೊದಲು ಹಳೇದರ ನಕಲು ಒಂದು ತಗೊಂತೀನಿ. ಆಮ್ಯಾಗ ಅಣ್ಣಾರು ಏನಾರ ಹಾಕ್ಲಿ.”

“ನಕಲು ಮಾಡಬಾರದು ಅಂತ ಬರದಾರಲ್ಲವ್ವಾ?” ಎಂದು ಮರಿಬಸಪ್ಪನವರು ನನ್ನ ಕಡೆ ನೋಡಿದರು.

ಮಾನ್ಯರೇ, ಪರೀಕ್ಷೆಯಲ್ಲಿ ನಕಲು ಮಾಡಿದ ಹನ್ನೊಂದು ಹುಡುಗಿಯರನ್ನು ನಾನು ಈವರೆಗೆ ಹೊರಗೆ ಕಳುಹಿಸಿದ್ದೇನೆ. ಅವರಲ್ಲಿ ಒಬ್ಬಳು ನನ್ನ ಸ್ವಂತ ತಂಗಿಯ ಮಗಳು. ಅವರ ಮನೆಯವರು ಇಂದಿಗೂ ನನ್ನನ್ನು ಹಬ್ಬಕ್ಕೆ ಕರೆಯುವುದಿಲ್ಲ. ಅಂಥ ನಾನು ಪರೀಕ್ಷೆಯ ಹಿಂದಿನ ದಿನ, ಪರೀಕ್ಷಕರ ಕೋಣೆಯಲ್ಲಿ, ಪರೀಕ್ಷಕರ ಮುಖ ನೋಡುತ್ತಲೇ, “ತಗೋ ಉಚ್ಚೆಂಗೆಮ್ಮ, ನಕಲು ತಗೋ,” ಎಂದೆ. ನನ್ನ ಬಾಯಿಂದ ಈ ಮಾತನ್ನು ಹೊರಡಿಸಿದ ಕೀರ್ತಿ ಇಡೀ ಭಾರತದಲ್ಲಿ ತಮ್ಮ ವಿಭಾಗವೊಂದಕ್ಕೇ ಸಲ್ಲುತ್ತದೆ.

ಅವಳು ನಕಲು ತೆಗೆದಳು. ಯಂತ್ರ ಕಾಳು ಬೀಸಿದಂತೆ ಸದ್ದು ಮಾಡುತ್ತಿತ್ತು. ಮುಗಿದ ಮೇಲೆ ಅವಳು ಪಕ್ಕಕ್ಕೆ ಸರಿದು ಹಾಲಸಿದ್ದಪ್ಪನವರಿಗೆ ಕುರ್ಚಿ ಬಿಟ್ಟುಕೊಟ್ಟಳು. ಅವರು ಕಂಪನಿಯ ಪತ್ರದಲ್ಲಿರುವಂತೆ ಅಕ್ಷರ ತಪ್ಪದೆ ಸುಧಾರಿಸಿದರು. ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರು. ಕಪ್ಪು ಪರದೆ, ವ್ಯವಸ್ಥೆಯಿಲ್ಲ, ಯಾವುದಾದರೂ ಕೀಲಿ ಒತ್ತಿ.

“ಇಲ್ಲೂ ಕರೆಂಟು...” ಎಂದು ಹಾಲಸಿದ್ದಪ್ಪನವರು ಆರಂಭಿಸಿದರು. ಮರಿಬಸಪ್ಪನವರು ಹೋಗಿ ಫ್ಯಾನಿನ ಸ್ವಿಚ್ಚು ಹಾಕಿದರು. ಫ್ಯಾನು ತಿರುಗಿತು. ಹಾಲಸಿದ್ದಪ್ಪನವರು ಅದನ್ನೇ ನೋಡುತ್ತ ಕುಳಿತರು. ಮೋಟಾರು ಸುಡುವುದನ್ನು ವಾಸನೆಯಿಂದಲೇ ಗುರುತಿಸಬಲ್ಲ ಆ ಮನುಷ್ಯನ ಮುಖವನ್ನು ಆ ಕ್ಷಣ ತಾವು ನೋಡಬೇಕಾಗಿತ್ತೆಂದು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ.

ಆಮೇಲೆ ಉಚ್ಚೆಂಗೆಮ್ಮ ಕುಳಿತಳು. ನಕಲಿನ ಫ್ಲಾಪಿ ಹಾಕಿದಳು. ಯಂತ್ರ ಸ್ವಲ್ಪ ಹೊತ್ತು ಗೊಣಗಿತು, ಸುಮ್ಮನಾಯಿತು, ಮತ್ತೆ ಗೊಣಗಿತು. ಪರದೆಯ ಮೂಲೆಯಲ್ಲಿ ಒಂದು ಅಕ್ಷರ ಮೂಡಿ, ಅದರ ಪಕ್ಕ ಒಂದು ಗೆರೆ ಮಿಣುಕತೊಡಗಿತು. “ಎದ್ದೈತ್ರಿ ಅಕ್ಕೋರ,” ಎಂದಳು, ನನ್ನ ಕಡೆ ತಿರುಗದೆ. ಹಳೆಯ ಆವೃತ್ತಿಯನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದಳು. ಕೆಲಸ ಮುಗಿದ ಮೇಲೆ, ಆಗಷ್ಟೇ ನೆನಪಾದವಳಂತೆ, ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದಳು.

ನಮ್ಮ ಯಂತ್ರವನ್ನು ಅದೇ ಸಂಜೆ ಎಬ್ಬಿಸಿದೆವಾದರೂ, ಸಂಘದ ಯಂತ್ರದ ಮೇಲೆಯೇ ಪರೀಕ್ಷೆ ಮಾಡುವುದು ಕ್ಷೇಮವೆಂದು ಮರಿಬಸಪ್ಪನವರಿಗೆ ಅನ್ನಿಸಿದ್ದರಿಂದ ಸೋಮವಾರ ಮೂವರೂ ಹುಡುಗಿಯರು ಸಿರುಗುಪ್ಪಕ್ಕೆ ಹೋದರು. ನಿಮಿಷಕ್ಕೆ ಐವತ್ತೆಂಟು ಪದ ಬಡಿದು ಮೊದಲು ಬಂದವಳು ಕಂಟೋನ್ಮೆಂಟಿನ ಸತ್ಯಮ್ಮ. ಉಚ್ಚೆಂಗೆಮ್ಮ ಐವತ್ನಾಲ್ಕು. ಮರಿಬಸಪ್ಪನವರು ಹಾಳೆಗಳನ್ನು ಬಹಳ ಹೊತ್ತು ನೋಡಿ, “ಬೇಗ ಬಡಿಯೋರು ಸಿಗತಾರ್ರಿ. ನಮಗ ಮೆಷಿನ್ ಎಬ್ಬಸೋರು ಬೇಕು,” ಎಂದು ಹೇಳಿ ಉಚ್ಚೆಂಗೆಮ್ಮನ ಹೆಸರು ಬರೆದರು. ಎರಡು ದಿನದ ನಂತರ ಜಡೆಪ್ಪ ಇನ್‌ಸ್ಟಿಟ್ಯೂಟಿಗೆ ಬಂದರು. ಈ ಸಲ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತರು. “ಮೆಣಸಿನಕಾಯಿಗೆ ಬ್ಯಾರೆ ಆಳು ನೋಡ್ಕೊಂತೀನ್ರಿ ಅಕ್ಕೋರ,” ಎಂದರು.

ಹೋದ ಪಾಠಗಳ ಸಂಗತಿಯನ್ನೂ ತಮಗೆ ತಿಳಿಸಬೇಕು. ನನ್ನ ಹುಡುಗಿಯರು ಒಂದು ವಾರ ಟೈಪ್‌ರೈಟರುಗಳ ಮುಂದೆ ಕಣ್ಣು ಮುಚ್ಚಿ ಕುಳಿತು, ಬೆರಳುಗಳನ್ನು ಹೋದ ಹಾಗೆ ಹೋಗಲು ಬಿಟ್ಟರು. ಅರವತ್ತೆರಡರಲ್ಲಿ ನಲವತ್ತೇಳು ಪಾಠಗಳು ಹಾಗೆ ಹಿಂದಿರುಗಿ ಬಂದವು. ಉಳಿದ ಹದಿನೈದು ಯಾರ ಬೆರಳಿಗೂ ಬರಲಿಲ್ಲ. ನನ್ನ ಬೆರಳಿಗೂ ಬರಲಿಲ್ಲ. ಅವನ್ನು ನಾನು ಕಲಿಸಿದ್ದೆನೇ ಹೊರತು ಅಭ್ಯಾಸ ಮಾಡಿರಲಿಲ್ಲ.

ಹೀಗಿರುವಲ್ಲಿ ತಮ್ಮಲ್ಲಿ ನನ್ನ ವಿನಂತಿಗಳು ಅಲ್ಪ. ಚಾಲೂ ಆಗದ ಯಂತ್ರವನ್ನು ಚಾಲೂ ಮಾಡುವ ಬಗೆಯನ್ನು ಆ ಯಂತ್ರದೊಳಗೇ ಬರೆದಿಟ್ಟ ಮಹನೀಯರ ಮನೆಯ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಒಳಗೆ ಸುರಕ್ಷಿತವಾಗಿ ಇಡುವ ಏರ್ಪಾಡು ಮಾಡಬೇಕು. ಮತ್ತು ತಮ್ಮ ವಿಭಾಗದಿಂದ ಯಾರಾದರೂ ಒಬ್ಬರು ಬಳ್ಳಾರಿಗೆ ಬಂದು ಸತ್ಯಮ್ಮನಿಗೆ ಉತ್ತರ ಹೇಳಬೇಕು. ಫಲಿತಾಂಶದ ದಿನ ಅವಳು ನನ್ನ ಮೇಜಿನ ಮುಂದೆ ನಿಂತು, “ನನ್ನ ಸ್ಪೀಡ್ ಹೆಚ್ಚಿತ್ತಲ್ರಿ ಅಕ್ಕೋರ? ನಾ ಎಲ್ಲಿ ತಪ್ಪಿದೆ?” ಎಂದು ಕೇಳಿದಳು. ಅವಳು ಎಲ್ಲೂ ತಪ್ಪಿರಲಿಲ್ಲ. ಮೂರು ಫ್ಲಾಪಿ ಕಳುಹಿಸಿ ಆ ನೌಕರಿ ಯಾರಿಗೆಂದು ತೀರ್ಮಾನಿಸಿದವರು ತಾವು. ಅದನ್ನು ಅವಳಿಗೆ ನಾನು ಹೇಗೆ ಹೇಳಲಿ? ಅವಳು ಈಗಲೂ ದಿನವೂ ಬರುತ್ತಾಳೆ, ಅರವತ್ತು ಪದ ದಾಟಿದ್ದಾಳೆ, ನನ್ನ ಮುಖ ನೋಡಿ ಮಾತನಾಡುವುದಿಲ್ಲ.

ಕೊನೆಯದಾಗಿ ನನ್ನ ತಪ್ಪೊಪ್ಪಿಗೆ. ತಮ್ಮ ಹಳೆಯ ಆವೃತ್ತಿಯ ನಕಲುಗಳು ಈಗ ನಾಲ್ಕು ಇವೆ. ಒಂದು ನನ್ನ ಕಬ್ಬಿಣದ ಬೀರುವಿನಲ್ಲಿದೆ, ಒಂದು ಸಿರುಗುಪ್ಪದ ಸಂಘದಲ್ಲಿದೆ, ಒಂದು ಬಾದನಹಟ್ಟಿಯಲ್ಲಿ ಉಚ್ಚೆಂಗೆಮ್ಮನ ಟ್ರಂಕಿನಲ್ಲಿ ಸೀರೆಗಳ ನಡುವೆ ಇದೆ. ನಾಲ್ಕನೆಯದು ಎಲ್ಲಿದೆಯೆಂದು ಹೇಳುವುದಿಲ್ಲ. ಇದು ಕಾನೂನಿಗೆ ವಿರುದ್ಧವೆಂದು ಬಲ್ಲೆ. ತಾವು ಧಾರಾಳವಾಗಿ ದಾವೆ ಹೂಡಬಹುದು. ಇಲ್ಲಿನ ಕೋರ್ಟಿನಲ್ಲಿ ಸಮನ್ಸ್ ಟೈಪು ಮಾಡುವ ಮೂವರೂ ನನ್ನ ವಿದ್ಯಾರ್ಥಿನಿಯರು. ನನ್ನ ಹೆಸರು ಒಂದು ಅಕ್ಷರವೂ ತಪ್ಪಿಲ್ಲದೆ ಬರುತ್ತದೆ.

ಇನ್ನು ಮುಂದೆ ಸುಧಾರಿಸಲ್ಪಡಲು ಒಪ್ಪದ,
ತಮ್ಮ ವಿಶ್ವಾಸಿ,
ಅಕ್ಕನಾಗಮ್ಮ
ಪ್ರಾಂಶುಪಾಲೆ

ತಾ.ಕ.: ತಮ್ಮ ಸೇವಾ ಪ್ರತಿನಿಧಿ ಹಾಲಸಿದ್ದಪ್ಪನವರು ಕಳೆದ ಸೋಮವಾರದಿಂದ ನಮ್ಮ ಬೆಳಗಿನ ಏಳರ ಬ್ಯಾಚಿಗೆ ಸೇರಿದ್ದಾರೆ. ಹುಡುಗಿಯರ ನಡುವೆ ಮೊದಲ ಬೆಂಚಿನಲ್ಲಿ ಕುಳಿತು, ನಾಚಿಕೆಪಡದೆ, ಎಡಗೈಯ ನಾಲ್ಕು ಅಕ್ಷರಗಳನ್ನು ಅಭ್ಯಾಸ ಮಾಡುತ್ತಿದ್ದಾರೆ. ಪರದೆ ಏನಾದರೂ ಕೇಳಿದರೆ ‘ಇಲ್ಲ’ ಎನ್ನಲು ಯಾವ ಬೆರಳು ಬಳಸಬೇಕೆಂಬ ಪಾಠಕ್ಕೆ ಇನ್ನೂ ಮೂರು ವಾರಗಳಿವೆ. ಅಲ್ಲಿಯವರೆಗೆ ಅವರ ಹೆಸರಿಗೆ ಯಾವ ಲಕೋಟೆಯನ್ನೂ ಕಳುಹಿಸಬಾರದಾಗಿ ಕೋರಿಕೆ.